ಡೇರ್‌ಡೆವಿಲ್: ಮಿಲ್ಲರ್ ಮೊದಲೋ, ವೇಯ್ಡ್ ಮೊದಲೋ?

ಮ್ಯಾಟ್ ಮರ್ಡಾಕ್ ಎಂಬ ಅಂಧ ವಕೀಲ ಗುಟ್ಟಾಗಿ ಮುಖವಾಡದ ವೀರನಾಗುವ, 1964ರಲ್ಲಿ ಹುಟ್ಟಿದ ಡೇರ್‌ಡೆವಿಲ್ ಕಾಮಿಕ್ಸ್ ಹಲವು ಲೇಖಕರ ಕೈ ದಾಟಿದೆ. ಹೊಸ ಓದುಗರು ಎಲ್ಲಿಂದ ಆರಂಭಿಸಬೇಕೆಂಬ ಅಭಿಮಾನಿಗಳ ಚರ್ಚೆಯಲ್ಲಿ ಫ್ರಾಂಕ್ ಮಿಲ್ಲರ್ ಮತ್ತು ಮಾರ್ಕ್ ವೇಯ್ಡ್ ಅವರ ಹೆಸರುಗಳು ಎದುರುಬದುರಾಗುವುದು ಸಹಜ.

ಎರಡು ತಿಂಗಳಿಗೊಮ್ಮೆ ಬರುತ್ತ ಸೊರಗಿದ್ದ ಈ ಸರಣಿಗೆ 1979ರಲ್ಲಿ ಚಿತ್ರಕಾರರಾಗಿ ಬಂದ ಮಿಲ್ಲರ್, 1981ರಲ್ಲಿ 168ನೇ ಸಂಚಿಕೆಯಿಂದ ಬರವಣಿಗೆಯನ್ನೂ ವಹಿಸಿಕೊಂಡು, ಆ ಕಂತಿನಲ್ಲೇ ನಾಯಕನ ಹಳೆಯ ಪ್ರೇಯಸಿ ಎಲೆಕ್ಟ್ರಾಳನ್ನು ಪರಿಚಯಿಸಿದರು. 181ನೇ ಸಂಚಿಕೆಯಲ್ಲಿ ಖಳನಾಯಕ ಬುಲ್ಸ್‌ಐ ಅವಳನ್ನು ಅವಳದೇ ಆಯುಧದಿಂದ ಇರಿದಾಗ (ನಾಲ್ಕು ದಶಕ ಹಳೆಯ ಗುಟ್ಟು, ಓದದವರು ಕ್ಷಮಿಸಬೇಕು), ಅವಳು ತೆವಳುತ್ತ ಮ್ಯಾಟ್ ಮರ್ಡಾಕ್‌ನ ಮನೆಬಾಗಿಲಿಗೆ ಬಂದು ಪ್ರಾಣ ಬಿಡುತ್ತಾಳೆ. ಮುಂದಿನ ಲೇಖಕರಲ್ಲಿ ಹೆಚ್ಚಿನವರು ಈ ಕತ್ತಲೆಯನ್ನೇ ಮುಂದುವರಿಸಿದರು.

2011ರಲ್ಲಿ ವೇಯ್ಡ್ ನಾಯಕನನ್ನು ಮತ್ತೆ ನಗಿಸಿದರು. ಇದನ್ನು ಪರಂಪರೆಗೆ ಬಗೆದ ದ್ರೋಹವೆನ್ನುವ ವಾದ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಮೊದಲ ಲೇಖಕ ಸ್ಟ್ಯಾನ್ ಲೀ ಅವರ ಕಾಲದ ಡೇರ್‌ಡೆವಿಲ್ ಹಾಸ್ಯಪ್ರಿಯ ಸಾಹಸಿಯೇ ಆಗಿದ್ದ. ವೇಯ್ಡ್ ಅವರ ಸರಣಿಯ ಏಳನೇ ಸಂಚಿಕೆಯ ಕ್ರಿಸ್ಮಸ್ ಕೂಟಕ್ಕೆ ಮ್ಯಾಟ್ 'ನಾನು ಡೇರ್‌ಡೆವಿಲ್ ಅಲ್ಲ' ಎಂದು ಬರೆದಿರುವ ಸ್ವೆಟರ್ ತೊಟ್ಟು ಬರುತ್ತಾನೆ. ಅದೇ ಸಂಚಿಕೆಯಲ್ಲಿ ಅಪಘಾತಕ್ಕೀಡಾದ ಬಸ್ಸಿನ ಮಕ್ಕಳನ್ನು ಹಿಮಗಾಳಿಯಲ್ಲಿ ಕಾಪಾಡಲು ಹೆಣಗುತ್ತಾನೆ. 2012ರಲ್ಲಿ ವೇಯ್ಡ್ ಅವರಿಗೆ ಕಾಮಿಕ್ಸ್ ಲೋಕದ ಪ್ರತಿಷ್ಠಿತ ಐಸ್ನರ್ ಪ್ರಶಸ್ತಿಯೂ ಅತ್ಯುತ್ತಮ ಲೇಖಕ ವಿಭಾಗದಲ್ಲಿ ದೊರೆಯಿತು.

ಹಿಂದಿನ ಕಥೆಗಳ ಪರಿಚಯವಿಲ್ಲದವರು ವೇಯ್ಡ್ ಅವರಿಂದ ಆರಂಭಿಸುವುದು ಸುಲಭ. ಎಂಬತ್ತರ ದಶಕದ ಮಾತುಗಾರಿಕೆಯನ್ನು ತಾಳ್ಮೆಯಿಂದ ಓದಬಲ್ಲವರು ಮಾತ್ರ ನೇರವಾಗಿ 168ನೇ ಸಂಚಿಕೆಯನ್ನೇ ಕೈಗೆತ್ತಿಕೊಳ್ಳಲಿ.