ಧಾರವಾಡದಲ್ಲಿ ಬಿಎ: ಅಪ್ ಡೌನ್, ಹಾಸ್ಟೆಲ್, ಪಿಜಿ, ರೂಮು. ಯಾವುದು ವಾಸಿ?

ಚಿಕ್ಕ ಆರ್ಟ್ಸ್ ಕಾಲೇಜಿಗೆ ಸೇರೋರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕ್ಲಾಸು ಮಧ್ಯಾಹ್ನ ಒಂದೂವರೆ, ಎರಡಕ್ಕೆ ಮುಗಿಯುತ್ತೆ. ಆಮೇಲೆ ಕಾಲೇಜಿನಲ್ಲಿ ಏನೂ ಇರಲ್ಲ. ನಮ್ಮ ಕ್ಯಾಂಟೀನಿನಲ್ಲಿ ಎರಡರ ನಂತರ ಚಹಾ ಬಿಟ್ಟರೆ ಮಿರ್ಚಿ, ಅದೂ ಮುಂಜಾನೆ ಕರಿದದ್ದು. ಲೈಬ್ರರಿ ನಾಲ್ಕೂವರೆಗೆ ಬಾಗಿಲು ಹಾಕುತ್ತೆ. ಜಿಮ್ಖಾನಾ ಅಂತ ಬೋರ್ಡು ಇದೆ, ಒಳಗೆ ಕೇರಂ ಕೂಡ ಇದೆ, ಸ್ಟ್ರೈಕರ್ ಮಾತ್ರ ಇಲ್ಲ. ಹಾಗಾಗಿ ಮಧ್ಯಾಹ್ನ ಎರಡರಿಂದ ರಾತ್ರಿ ಒಂಬತ್ತರವರೆಗೆ ನಾನು ಏನು ಮಾಡ್ತೀನಿ ಅಂತ ಮೊದಲು ಕೇಳಿಕೊಳ್ಳಿ, ಎಲ್ಲಿ ಇರಬೇಕು ಅನ್ನೋದನ್ನ ಅದರ ಮೇಲೆ ನೋಡಿ. ಬಾಡಿಗೆ, ಊಟ ಎಲ್ಲ ಆಮೇಲೆ. ಬಿಎ ಮುಗಿಯೋದ್ರೊಳಗೆ ನಾನು ನಾಲ್ಕೂ ನಮೂನೆ ಇದ್ದು ನೋಡಿದ್ದೇನೆ. ಹುಡುಗಿಯರ ಕಡೆಯಿಂದ ಬರೆಯುತ್ತಿದ್ದೇನೆ, ಹುಡುಗರಿಗೆ ಗೇಟಿನ ತಾಪತ್ರಯ ಇಷ್ಟಿಲ್ಲ.

ಮೊದಲು ಅಪ್ ಡೌನ್, ಅಂದರೆ ದಿನಾ ಊರಿಂದ ಬಸ್ಸಿನಲ್ಲಿ ಬಂದು ಹೋಗೋದು. ನಮ್ಮೂರು ನವಲಗುಂದ ತಾಲೂಕಿನ ಒಂದು ಹಳ್ಳಿ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದ ಮೇಲೆ ನಮ್ಮ ಕಡೆ ಮನೆಯವರ ಲೆಕ್ಕ ಸರಳ ಆಗಿಬಿಟ್ಟಿದೆ. ಆಧಾರ್ ತೋರಿಸಿದರೆ ಶೂನ್ಯ ಟಿಕೆಟ್, ಊಟ ಮನೇದು, ಮಗಳು ಕಣ್ಣೆದುರಿಗೆ. ಪಿಯುಸಿಗೇ ಓದು ಬಿಡಿಸುತ್ತಿದ್ದ ಮನೆಗಳಿಂದಲೂ ಹುಡುಗಿಯರು ಡಿಗ್ರಿಗೆ ಬಂದದ್ದನ್ನ ನಾನೇ ನೋಡಿದ್ದೇನೆ, ಅದಕ್ಕೆ ಈ ಬಸ್ಸನ್ನ ಬೈಯೋಕೆ ನನಗೆ ಮನಸ್ಸಿಲ್ಲ. ಆದರೆ ಮುಂಜಾನೆ ಬಸ್ಸಿನಲ್ಲಿ ಕೂರೋಕೆ ಸೀಟು ಸಿಗೋದು ಅಪರೂಪ, ಮೊದಲ ಪೀರಿಯಡ್ ತಪ್ಪೋದು ಮಾಮೂಲು, ಬೆಣ್ಣಿಹಳ್ಳ ತುಂಬಿ ಬಂದ ದಿನ ಬಸ್ಸೇ ಇಲ್ಲ. ಎರಡೂವರೆ ಬಸ್ಸು ಬಿಟ್ಟರೆ ಮುಂದಿನದಕ್ಕೆ ಸಂಜೆವರೆಗೆ ಕಾಯಬೇಕು. ಹಾಗಾಗಿ ಕೊನೆ ಬೆಲ್ ಹೊಡೆಯೋ ಮೊದಲೇ ಬ್ಯಾಗ್ ಹೆಗಲ ಮೇಲೆ. ಡಿಗ್ರಿ ಸಿಗುತ್ತೆ, ಧಾರವಾಡ ಸಿಗಲ್ಲ.

ಹಾಸ್ಟೆಲ್ ಅಂದರೆ ಸರ್ಕಾರಿ ಹಾಸ್ಟೆಲ್, ಖಾಸಗಿಯದು ನನಗೆ ಗೊತ್ತಿಲ್ಲ. ಅರ್ಜಿ ಆನ್‌ಲೈನ್‌ನಲ್ಲಿ ಹಾಕಬೇಕು, ಜಾತಿ ಮತ್ತು ಆದಾಯ ಪ್ರಮಾಣಪತ್ರದ ಮೇಲಿರೋ ಆರ್‌ಡಿ ನಂಬರ್ ಕೈಯಲ್ಲಿರಬೇಕು. ಕಾಲೇಜು ಶುರುವಾದ ಮೇಲೇ ಲಿಸ್ಟು ಬರೋದು, ಅಲ್ಲಿವರೆಗೆ ಅಪ್ ಡೌನೇ ಗತಿ. ಸೀಟು ಸಿಕ್ಕರೆ ಇರೋದು, ಉಣ್ಣೋದು ಎರಡೂ ಪುಕ್ಕಟೆ. ಬಡವರ ಮನೆ ಹುಡುಗಿಗೆ ಇದಕ್ಕಿಂತ ದೊಡ್ಡ ಆಸರೆ ಇನ್ನೊಂದಿಲ್ಲ, ಮೂಗು ಮುರಿಯೋರು ಒಮ್ಮೆ ಪಿಜಿ ಬಿಲ್ಲು ನೋಡಿ ಮಾತಾಡಲಿ. ಊಟ ಮಾತ್ರ ಗೋಡೆ ಮೇಲೆ ಬರೆದಿರೋ ಮೆನು ಒಂದು, ತಾಟಿಗೆ ಬೀಳೋದು ಇನ್ನೊಂದು. ಉಪ್ಪಿಟ್ಟು, ಅವಲಕ್ಕಿ, ಚಿತ್ರಾನ್ನ ಸುತ್ತಿ ಸುತ್ತಿ ಬರುತ್ತೆ. ರೊಟ್ಟಿ ಇದ್ದ ರಾತ್ರಿ ಕೊನೇ ಪಂಕ್ತಿಯವರಿಗೆ ಅನ್ನ ಸಾರು. ಅಡುಗೆ ಅಕ್ಕ ಬಾಗಿಲಲ್ಲೇ ನಿಂತು, "ಲಗೂನ ಬರ್ಬೇಕಿಲ್ಲವಾ, ನಾ ಎಲ್ಲಿಂದ ಬಡೀಲಿ ಈಗ?" ಅಂತಿದ್ದಳು. ಅವಳ ತಪ್ಪಲ್ಲ, ಅಷ್ಟು ಮಂದಿಗೆ ರೊಟ್ಟಿ ಬಡಿಯೋದು ಹುಡುಗಾಟಿಕೆನಾ?

ಹಾಸ್ಟೆಲಿನ ನಿಜವಾದ ಲಾಭ ಬೇರೆ ಇದೆ. ಪಕ್ಕದ ಮಂಚದಲ್ಲೇ ಸೀನಿಯರ್ ಇರುತ್ತಾರೆ. ಯಾವ ಮೇಷ್ಟ್ರು ಇಂಟರ್ನಲ್‌ಗೆ ಏನು ಕೇಳುತ್ತಾರೆ, ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲಿ ಅರ್ಜಿ ಯಾವಾಗ ಬಿಡುತ್ತಾರೆ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿಲ್ಲ ಅಂದರೆ ದುಡ್ಡು ಯಾಕೆ ನಿಲ್ಲುತ್ತೆ, ಇವೆಲ್ಲ ನನಗೆ ಹೇಳಿಕೊಟ್ಟದ್ದು ಕಾಲೇಜು ಆಫೀಸಲ್ಲ, ಎಂಎ ಓದುತ್ತಿದ್ದ ಒಬ್ಬ ಅಕ್ಕ. ಅವಳ ರಾಜ್ಯಶಾಸ್ತ್ರದ ನೋಟ್ಸು ನನ್ನ ಕೈಗೆ ಬರುವಾಗಲೇ ಮೂರು ಬಗೆ ಅಕ್ಷರ ಇತ್ತು, ಮಾರ್ಜಿನ್ನಿನಲ್ಲಿ ನನ್ನದೂ ಸೇರಿತು.

ಇನ್ನು ಗೇಟು. ಆರೂವರೆಗೆ ಹಾಜರಿ. ಧಾರವಾಡದಲ್ಲಿ ಏನೇ ಆದರೂ ಸಂಜೆ ಆರರ ಮೇಲೇ ಆಗೋದು. ವಿದ್ಯಾವರ್ಧಕ ಸಂಘ ಇರಲಿ (1890ರಲ್ಲಿ ಕಟ್ಟಿದ್ದು, ಇವತ್ತಿಗೂ ಅಲ್ಲಿ ಭಾಷಣ, ಪುಸ್ತಕ ಬಿಡುಗಡೆ ನಡೀತಾನೇ ಇರುತ್ತೆ), ಕರ್ನಾಟಕ ಕಾಲೇಜಿನ ಆವರಣದ ಸೃಜನಾ ರಂಗಮಂದಿರ ಇರಲಿ, ಸಾಧನಕೇರಿಯ ಬೇಂದ್ರೆ ಭವನ ಇರಲಿ, ಹಾಸ್ಟೆಲಿನಲ್ಲಿದ್ದಷ್ಟು ದಿನ ನನಗೆ ಪೇಪರಿನಲ್ಲಿ ಬಂದ ಸುದ್ದಿ ಅಷ್ಟೇ. ಸಾಹಿತ್ಯ ಓದೋಕೆ ಧಾರವಾಡಕ್ಕೆ ಬಂದು ಸಂಜೆ ಆರೂವರೆಗೆ ಹಾಜರಿ ಕೊಟ್ಟು ಕೂರೋದು ಅಂದರೆ ಹೊಟ್ಟೆ ಉರಿಯುತ್ತೆ ರೀ. ಹುಡುಗರ ಹಾಸ್ಟೆಲಿನವರು ಅದೇ ಹೊತ್ತಿಗೆ ಜುಬಿಲಿ ಸರ್ಕಲ್‌ನಲ್ಲಿ ಚಹಾ ಕುಡೀತಿರ್ತಾರೆ.

ಪಿಜಿಗೆ ಹೋದದ್ದು ಈ ಗೇಟಿಗೆ ಬೇಸತ್ತು. ಸಪ್ತಾಪುರದಲ್ಲಿ, ಒಂದು ರೂಮಿಗೆ ಮೂವರು, ಊಟ ಸೇರಿ ತಿಂಗಳಿಗೆ 4,500. ಗೇಟು ಎಂಟೂವರೆ. ಸಪ್ತಾಪುರ ಗೊತ್ತಲ್ವಾ, ಪಿಎಸ್‌ಐ, ಪಿಡಿಒ, ಎಫ್‌ಡಿಎ, ಕೆಎಎಸ್ ಅಂತ ಇಡೀ ಉತ್ತರ ಕರ್ನಾಟಕವೇ ಬಂದು ಸರ್ಕಾರಿ ನೌಕರಿ ಪರೀಕ್ಷೆಗೆ ಓದೋಕೆ ಕೂತಿರೋ ಜಾಗ. ಓಣಿ ಓಣಿಗೆ ಕೋಚಿಂಗ್, ಜೆರಾಕ್ಸ್ ಅಂಗಡಿ, ಸ್ಟಡಿ ರೂಮು. ರಾತ್ರಿ ಹನ್ನೆರಡಕ್ಕೂ ಲೈಟು ಉರೀತಿರುತ್ತೆ, ಗಲಾಟೆ ಇಲ್ಲ. ಓದೋ ಮನಸ್ಸಿದ್ದರೆ ಇಷ್ಟು ಒಳ್ಳೆ ಗಾಳಿ ಬೇರೆಲ್ಲೂ ಇಲ್ಲ. ಆದರೆ ನಾನು ಕಾದಂಬರಿ ಹಿಡಿದು ಕೂತರೆ ರೂಮ್‌ಮೇಟ್ ಅಕ್ಕ, "ಇದು ಯಾವ ಎಕ್ಸಾಮಿಗೆ ಬರ್ತದ?" ಅಂತ ಕೇಳೋಳು. ತಮಾಷೆಗಲ್ಲ, ನಿಜವಾಗಿಯೂ ಕೇಳೋಳು. ಐದು ವರ್ಷದಿಂದ ನೋಟಿಫಿಕೇಶನ್ ಕಾಯ್ತಿದ್ದವಳಿಗೆ ಅದು ಬಿಟ್ಟು ಬೇರೆ ಏನು ಹೊಳೀಬೇಕು ಹೇಳಿ.

ಪಿಜಿಯಲ್ಲಿ ನನ್ನನ್ನ ಸುಸ್ತು ಮಾಡಿದ್ದು ನೀರು. ಹುಬ್ಬಳ್ಳಿ-ಧಾರವಾಡಕ್ಕೆ ನೀರು ಬರೋದು ಮಲಪ್ರಭೆಯಿಂದ, ಸವದತ್ತಿ ಹತ್ತಿರದ ಡ್ಯಾಮಿನಿಂದ. 2008ರಲ್ಲೇ ಕೆಲವು ವಾರ್ಡಿಗೆ 24 ತಾಸು ನೀರು ಕೊಟ್ಟು ತೋರಿಸಿದ್ದ ಊರು ಇದು, ಆದರೂ ವಾರಕ್ಕೊಮ್ಮೆ ನಳ ಬರೋ ಓಣಿಗಳು ಎಷ್ಟೋ ಇದ್ದವು. ನಮ್ಮದು ಅಂಥದ್ದೇ. ಟ್ಯಾಂಕಿ ಖಾಲಿಯಾದರೆ ಎರಡು ಕೊಡದಲ್ಲಿ ಮೂವರು ದಿನ ತೆಗೀಬೇಕು. ಅದಕ್ಕೇ ಮನೆ ನೋಡೋಕೆ ಹೋದಾಗ ಬಾಡಿಗೆ ಕೇಳೋ ಮೊದಲು ನಳ ಎಷ್ಟು ದಿನಕ್ಕೊಮ್ಮೆ, ಬೋರ್ ಇದೆಯಾ, ಕೆಳಗೆ ಸಂಪು ಎಷ್ಟು ದೊಡ್ಡದು ಅಂತ ಕೇಳಿ. ಸಂಜೆ ಹೋಗಿ ನೋಡಿದರೆ ಎಲ್ಲ ಪಿಜಿಯೂ ಚಂದ, ಮುಂಜಾನೆ ಏಳಕ್ಕೆ ಹೋಗಿ ಬಾತ್‌ರೂಮಿನ ಮುಂದೆ ಎಷ್ಟು ಬಕೆಟ್ ಸಾಲಿನಲ್ಲಿವೆ ನೋಡಿ.

ಸ್ಟಡಿ ರೂಮಿನ ಬಗ್ಗೆ ಇಲ್ಲೇ ಹೇಳಿಬಿಡ್ತೀನಿ. ತಿಂಗಳಿಗೆ 700 ಕೊಟ್ಟಿದ್ದೆ, ಒಂದು ಗೂಡು, ಒಂದು ಪ್ಲಗ್ಗು, ವೈಫೈ. ಪರೀಕ್ಷೆ ತಿಂಗಳಿಗೆ ಸೈ. ಉಳಿದ ಹೊತ್ತಿಗೆ ಸಾರ್ವಜನಿಕ ಗ್ರಂಥಾಲಯವೇ ಸಾಕು, ಎಲ್ಲ ಪೇಪರೂ ಸಿಗುತ್ತೆ, ಸೋಮವಾರ ರಜೆ ಇರುತ್ತೆ.

ಕೊನೆಗೆ ರೂಮು. ಮಾಳಮಡ್ಡಿಯಲ್ಲಿ ಹಂಚಿನ ಮನೆಯ ಹಿಂಭಾಗ, ಮೂವರು ಸೇರಿ. ಬಾಡಿಗೆ ತಲೆಗೆ 1,500ರ ಮೇಲೆ ಸ್ವಲ್ಪ. ಸಿಗೋದೇ ಕಷ್ಟ. ಹುಡುಗಿಯರು ಅಂದರೆ ಕೆಲವರು ಬಾಗಿಲೇ ತೆಗೆಯಲ್ಲ, ತೆಗೆದವರು ಬಾಡಿಗೆಗಿಂತ ಮುಂಚೆ "ನೀವು ಯಾವ ಮಂದಿ?" ಅಂತ ಕೇಳ್ತಾರೆ. ಹೀಗೆ ಕೇಳಿದ ಮನೆ ಎಷ್ಟೇ ಚಂದ ಇದ್ದರೂ ನಾವು ಬಿಟ್ಟೆವು. ನಮಗೆ ಕೊಟ್ಟ ಅಜ್ಜಿ ಕೇಳಿದ್ದು ಎರಡೇ: ಬಾಡಿಗೆ ಐದನೇ ತಾರೀಖಿನೊಳಗೆ, ಮೋಟಾರು ಹಚ್ಚಿ ಮರೀಬಾರದು.

ರೂಮು ಅಂದ ಮೇಲೆ ಊಟದ್ದು ದೊಡ್ಡ ಕಥೆ. ಮೊದಲು ಖಾನಾವಳಿಯಿಂದ ಡಬ್ಬಿ ಹಚ್ಚಿದೆವು. ಎರಡು ರೊಟ್ಟಿ, ಒಂದು ಕಾಳು ಪಲ್ಯ, ಅನ್ನ, ಸಾರು, ಶೇಂಗಾ ಹಿಂಡಿ. ರುಚಿ ಚಲೋ, ಆದರೆ ಕೂತು ಉಂಡರೆ ಬಿಸಿ ರೊಟ್ಟಿ ಬೇಕಾದಷ್ಟು ಬೀಳುತ್ತೆ, ಡಬ್ಬಿಯಲ್ಲಿ ಎರಡೇ. ಖಾನಾವಳಿಯಲ್ಲಿ ರಾತ್ರಿ ಹೊತ್ತು ಬರೀ ಗಂಡಸರೇ, ನಾವು ಮೂವರೂ ಒಟ್ಟಿಗೆ ಹೋದ ದಿನ ಮಾತ್ರ ಕೂತು ಉಂಡದ್ದು. ಅಡುಗೆಯನ್ನೂ ಮಾಡಿ ನೋಡಿದೆವು. ಕುಕ್ಕರ್ ಯಾರು ತೊಳೀಬೇಕು ಅಂತ ಜಗಳ ಆಗಿ ಅದು ಚಹಾ, ಮ್ಯಾಗಿಗೆ ಬಂದು ನಿಂತಿತು.

ಎಲ್ಲಕ್ಕಿಂತ ಮೇಲು ಬಸ್ಸಿನಲ್ಲಿ ಬರೋ ಬುತ್ತಿ. ನಮ್ಮ ಕಡೆ ಇದು ಹಳೇ ಪದ್ಧತಿ. ಅವ್ವ ಐದಕ್ಕೆ ಎದ್ದು ರೊಟ್ಟಿ ಬಡಿದು, ಬಟ್ಟೆಯಲ್ಲಿ ಸುತ್ತಿ, ಡಬ್ಬಿಯನ್ನ ಚೀಲಕ್ಕೆ ಹಾಕಿ ಅಪ್ಪನ ಕೈಗೆ ಕೊಡ್ತಾಳೆ, ಅಪ್ಪ ಮೊದಲ ಬಸ್ಸಿನ ಡ್ರೈವರ್ ಪಕ್ಕ ಇಟ್ಟು ಬರ್ತಾನೆ. ಅಲ್ಲಿ ಇಪ್ಪತ್ತು ಚೀಲ ಇರುತ್ತೆ, ರಸಗೊಬ್ಬರದ ಚೀಲ ಹೊಲಿದದ್ದು ಕೆಲವು, ಮೇಲೆ ಪೇಂಟಿನಲ್ಲಿ ಹೆಸರು. ನನ್ನ ಚೀಲದ ಹಿಡಿಕೆಗೆ ಹಸಿರು ಬಳೆ ಕಟ್ಟಿತ್ತು. ಬಸ್ಸು ಬಂದ ಹತ್ತು ನಿಮಿಷದಲ್ಲಿ ಇಳಿಸಿಕೊಳ್ಳಬೇಕು, ನಿನ್ನೆಯ ಖಾಲಿ ಡಬ್ಬಿ ಅದೇ ಬಸ್ಸಿಗೆ ವಾಪಸ್. ಎಣ್ಣೆಗಾಯಿ, ಗುರೆಳ್ಳು ಹಿಂಡಿ, ಕೆನೆ ಮೊಸರು, ಮೂವರಿಗೂ ಸಾಕಾಗಿ ಅಜ್ಜಿಗೂ ಒಂದು ರೊಟ್ಟಿ. ತೊಂದರೆ ಇಲ್ಲ ಅಂತಲ್ಲ. ಬೇಸಿಗೆಯಲ್ಲಿ ಪಲ್ಯ ಹಳಸುತ್ತೆ, ದಿನಾ ಮುಂಜಾನೆ ಬಸ್ ಸ್ಟ್ಯಾಂಡಿಗೆ ಒಬ್ಬರು ಓಡಬೇಕು, ಅವ್ವನಿಗೆ ಜ್ವರ ಬಂದರೆ ನಮಗೂ ಉಪವಾಸ. ವಾರಪೂರ್ತಿ ತರಿಸೋದು ಅವ್ವನ ಮೇಲೆ ಜುಲುಮೆ. ನಾವು ಬುತ್ತಿ ವಾರಕ್ಕೆ ಎರಡು ದಿನ, ಉಳಿದ ದಿನ ಖಾನಾವಳಿ ಡಬ್ಬಿ ಅಂತ ಮಾಡಿಕೊಂಡೆವು, ಅದೇ ಸರಿ ಹೋಯ್ತು.

ರೂಮಿನಲ್ಲಿದ್ದಾಗಲೇ ನಾನು ಧಾರವಾಡವನ್ನ ಸರಿಯಾಗಿ ನೋಡಿದ್ದು. ನಾಟಕ ಮುಗಿಸಿ ಒಂಬತ್ತೂವರೆಗೆ ಮೂವರೂ ನಡೆದುಕೊಂಡು ಬರುತ್ತಿದ್ದೆವು, ಜಿಟಿ ಜಿಟಿ ಮಳೆ, ಒಂದೇ ಛತ್ರಿ. ಆ ಮಳೆಗೆ ಬಟ್ಟೆ ನಾಲ್ಕು ದಿನವಾದರೂ ಒಣಗಲ್ಲ, ಅದನ್ನೂ ಹೇಳಬೇಕು.

ಹಾಗಾದರೆ ಯಾವುದು? ಮೊದಲ ವರ್ಷಕ್ಕೆ ಹಾಸ್ಟೆಲ್ ಸೀಟು ಸಿಕ್ಕರೆ ಕಣ್ಣು ಮುಚ್ಚಿ ಹೋಗಿ, ಊರಿನ ಪರಿಚಯ, ಸೀನಿಯರ್ಸ್ ಎರಡೂ ಸಿಗುತ್ತೆ. ಎರಡನೇ ವರ್ಷದಿಂದ, ಜೊತೆಗೆ ಇಬ್ಬರು ನಂಬಿಕಸ್ತ ಗೆಳತಿಯರಿದ್ದರೆ ರೂಮು. ಪಿಜಿ, ಸ್ಪರ್ಧಾತ್ಮಕ ಪರೀಕ್ಷೆಗೆ ಕೂರೋರಿಗೆ ಮಾತ್ರ. ಹಾಸ್ಟೆಲ್ ಸೀಟು ಸಿಗದವರು ವಿದ್ಯಾಸಿರಿಗೆ (ಅಂಥವರ ಊಟ, ವಸತಿಗೆ ಸರ್ಕಾರ ಕೊಡೋ ದುಡ್ಡು) ಅರ್ಜಿ ಹಾಕಿ, ನಮ್ಮ ಹೊತ್ತಿಗೆ ತಿಂಗಳಿಗೆ 1,500ರಂತೆ ಹತ್ತು ತಿಂಗಳು ಇತ್ತು. ತಿಂಗಳಾ ತಿಂಗಳಾ ಕೈಗೆ ಬರುತ್ತೆ ಅಂದುಕೊಂಡು ಬಾಡಿಗೆ ಒಪ್ಪಿಕೊಳ್ಳಬೇಡಿ, ನನ್ನ ಗೆಳತಿಗೆ ಒಟ್ಟಿಗೆ ಬಂತು, ಅದೂ ತಡವಾಗಿ. ರೂಮು ಹುಡುಕೋರು ಬೋರ್ಡು ನೋಡ್ತಾ ಓಣಿ ಸುತ್ತೋದಕ್ಕಿಂತ ಕೊನೇ ಸೆಮಿಸ್ಟರ್ ಹುಡುಗಿಯರನ್ನ ಪರೀಕ್ಷೆಗೆ ಮುಂಚೆಯೇ ಹಿಡಿಯಿರಿ. ನಮ್ಮ ರೂಮು ನಾವು ಖಾಲಿ ಮಾಡೋ ಮೊದಲೇ ಎರಡನೇ ವರ್ಷದ ಮೂವರಿಗೆ ಹೋಗಿತ್ತು, ಅಜ್ಜಿ ಬೋರ್ಡು ಹಾಕಲೇ ಇಲ್ಲ.