ಎರಡು ವರ್ಷ ಕಿವಿಗೆ ಬತ್ತಿ ಇಟ್ಟುಕೊಂಡ ಮೇಲೆ

ಸದ್ದು ತಡೆಯಲು ಕಿವಿಯೊಳಗೆ ತೂರಿಸಿಕೊಳ್ಳುವ ಕಿತ್ತಳೆ ಬಣ್ಣದ ಫೋಮ್ ಇಯರ್‌ಪ್ಲಗ್ ಎಲ್ಲ ಕಡೆ ಸಿಗುತ್ತದೆ, ನೀವೂ ನೋಡಿರುತ್ತೀರಿ. ಆಕಾರ, ಅಳತೆ ಅಂತ ವರ್ಣಿಸುತ್ತಾ ಕೂರುವುದಿಲ್ಲ.

ನನಗೆ ಹೈಪರ್‌ಅಕ್ಯೂಸಿಸ್ ಇದೆ. ಬೇರೆಯವರಿಗೆ ಮಾಮೂಲಿ ಎನಿಸುವ ಸದ್ದು ನನಗೆ ಚುಚ್ಚುತ್ತದೆ. ಕುಕ್ಕರ್ ಕೂಗಿದರೆ ಹೇಗೋ ತಡೆದುಕೊಳ್ಳುತ್ತೇನೆ, ಮೂರು ಸಲ ಕೂಗುತ್ತದೆ ಅಂತ ಮೊದಲೇ ಗೊತ್ತಿರುತ್ತದಲ್ವಾ. ಸಿಂಕ್‌ಗೆ ಸ್ಟೀಲ್ ಲೋಟ ಬಿದ್ದರೆ ಮಾತ್ರ ಹಲ್ಲಿನ ಬೇರಿನವರೆಗೂ ಜುಮ್ ಎನ್ನುತ್ತದೆ.

ಸದ್ದು ತಡೆಯುವ ದುಬಾರಿ ಹೆಡ್‌ಫೋನನ್ನು ಗೆಳತಿಯಿಂದ ಒಂದು ವಾರ ಇಸ್ಕೊಂಡು ನೋಡಿದ್ದೆ. ಫ್ಯಾನು, ಬಸ್ಸಿನ ಗುಂಯ್ ಎನ್ನುವ ಸದ್ದನ್ನೆಲ್ಲ ನುಂಗಿತು. ಠಣ್ ಎಂದ ಲೋಟ ಹಾಗೇ ಒಳಗೆ ಬಂತು. ವಾಪಸ್ ಕೊಟ್ಟೆ.

ಇಯರ್‌ಪ್ಲಗ್ ಹಾಕುವುದೇ ಒಂದು ಕೆಲಸ. ಬೆರಳ ನಡುವೆ ಹೊಸೆದು ಹೊಸೆದು ತೆಳ್ಳಗೆ ಮಾಡಬೇಕು. ಇನ್ನೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆಳೆದು ತೂರಿಸಬೇಕು. ಅದು ಉಬ್ಬುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಆ ಅರ್ಧ ನಿಮಿಷ ನನಗೆ ತುಂಬ ಇಷ್ಟ. ಬೀದಿ, ಟಿವಿ, ಪಕ್ಕದ ಮನೆ ಎಲ್ಲ ಒಂದೊಂದಾಗಿ ದೂರ ಸರಿಯುತ್ತವೆ. ಮೊದಲ ಸಲ ನೋಡಿದ ಅತ್ತೆ, "ಏನಮ್ಮಾ, ಕಿವಿಗೂ ದೀಪ ಹಚ್ಚೋಕೆ ಬತ್ತಿ ಹೊಸೀತಿದ್ದೀಯಾ?" ಅಂದರು. ಪ್ಯಾಕೆಟ್ ಮೇಲೆ 32 ಡೆಸಿಬಲ್‌ನಷ್ಟು ಸದ್ದು ತಗ್ಗಿಸುತ್ತದೆ ಅಂತ ಬರೆದಿದೆ. ಸುಮ್ನೆ ತುದಿಗೆ ಸಿಕ್ಕಿಸಿಕೊಂಡರೆ ಅದರಲ್ಲಿ ಅರ್ಧವೂ ಸಿಗುವುದಿಲ್ಲ.

ಸಿಟ್ಟು ಬಂದದ್ದು ಊಟದ ಹೊತ್ತಿಗೆ. ಇದನ್ನು ಹಾಕಿಕೊಂಡು ಚಕ್ಕುಲಿ ತಿಂದು ನೋಡಿ. ದವಡೆಯ ಮೂಳೆಯಿಂದ ಬರುವ ಸದ್ದಿಗೆ ಹೊರಗೆ ಹೋಗಲು ದಾರಿ ಇಲ್ಲ, ತಲೆಯೊಳಗೇ ಜಲ್ಲಿಕಲ್ಲು ಅರೆದ ಹಾಗೆ! ಊರಿನ ಸದ್ದು ನಿಂತಿತು, ನನ್ನದೇ ಶುರುವಾಯಿತು. ಇನ್ನೂ ಆಳಕ್ಕೆ ತೂರಿಸಿದರೆ ಸ್ವಲ್ಪ ಕಮ್ಮಿ, ಆದರೆ ಕಿವಿ ನೋಯುತ್ತದೆ.

ಇನ್ನೊಂದು ತಪ್ಪು ನನ್ನದೇ. ಮೊದಲ ಎಂಟು ತಿಂಗಳು ಇಡೀ ದಿನ ಹಾಕಿಕೊಂಡೇ ಇದ್ದೆ. ಆಮೇಲೆ ತೆಗೆದರೆ ಪೇಪರ್ ಮಡಿಸುವ ಸದ್ದೂ ತಡೆಯಲಾಗುತ್ತಿರಲಿಲ್ಲ. ಆಡಿಯಾಲಜಿಸ್ಟ್ ಬೈದರು. ಕಿವಿ ಮುಚ್ಚಿದಷ್ಟೂ ಮಿದುಳು ಒಳಗಿನ ವಾಲ್ಯೂಮ್ ಏರಿಸುತ್ತಾ ಹೋಗುತ್ತದಂತೆ. ಜೋರು ಸದ್ದಿಗೆ ಮಾತ್ರ ಹಾಕಿ, ಉಳಿದ ಹೊತ್ತು ಸಣ್ಣಗೆ ಮಳೆ ಸದ್ದು ಹಾಕಿಕೊಂಡು ಕಿವಿಗೆ ಮೆಲ್ಲಗೆ ರೂಢಿ ಮಾಡಿಸಿ ಅಂದರು.

ಈಗ ಮಿಕ್ಸಿಗೆ, ಪಟಾಕಿಗೆ, ಮದುವೆ ಮನೆಯ ವಾಲಗಕ್ಕೆ ಮಾತ್ರ. ಆ ಮಟ್ಟಿಗೆ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಒಂದು ಪ್ಯಾಕೆಟ್ ಎರಡು ತಿಂಗಳು ಬರುತ್ತದೆ. ತೊಳೆದು ಮತ್ತೆ ಬಳಸಬೇಡಿ, ಫೋಮ್ ಸತ್ತು ಹೋಗುತ್ತದೆ.

ಲೋಟದ ಠಣ್‌ಗೆ ಮದ್ದು ಸಿಕ್ಕಿದ್ದು ಬೇರೆ ಕಡೆ. ಒಂದು ಬೆಳಿಗ್ಗೆ ನೋಡಿದರೆ ಸಿಂಕ್‌ನ ತಳದಲ್ಲಿ ಹಳೆಯ ಟರ್ಕಿ ಟವೆಲ್, ನಾಲ್ಕು ಮಡಿಕೆ ಮಾಡಿ ಹಾಸಿತ್ತು. ಅತ್ತೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಲೋಟ ಬಿದ್ದರೆ ಈಗ ಧೊಪ್ ಅಷ್ಟೇ. ಒಂದೇ ತೊಂದರೆ, ದಿನಾ ರಾತ್ರಿ ಹಿಂಡಿ ಒಣಹಾಕಬೇಕು, ಇಲ್ಲದಿದ್ದರೆ ಮುಗ್ಗಲು ವಾಸನೆ.