ಕಾರಿಲ್ಲದ ದ್ರಾಕ್ಷಿ ಸೀಮೆ: ಬರ್ಗಂಡಿಯ ಸೈಕಲ್ ದಾರಿಯಲ್ಲಿ ಆರು ವರ್ಷ

ಬೆಂಗಳೂರಿನಲ್ಲಿದ್ದಾಗ ಹೆಬ್ಬಾಳದ ಹತ್ತಿರ ಒಂದು ಕಾರು ನನ್ನ ಸೈಕಲ್ ಹ್ಯಾಂಡಲ್‌ಗೆ ತಾಗಿಸಿಕೊಂಡು ಹೋಯಿತು. ಮೊಣಕೈ ತರಚಿತು, ಅಷ್ಟೆ. ಆದರೆ ಅವತ್ತೇ ಸೈಕಲ್ ಬಿಟ್ಟೆ. ಮತ್ತೆ ಹತ್ತಿದ್ದು ಏಳು ವರ್ಷ ಆದಮೇಲೆ, 2019ರಲ್ಲಿ, ಫ್ರಾನ್ಸಿನ ಬರ್ಗಂಡಿಯಲ್ಲಿ. ಆಗಿನಿಂದ ಈ ದಾರಿಗೆ ವರ್ಷಕ್ಕೆ ಏಳೆಂಟು ಸಲವಾದರೂ ಹೋಗುತ್ತೇನೆ. ಬಿಸಿಲು, ಮಳೆ, ಮಂಜು ಎಲ್ಲದರಲ್ಲೂ ತುಳಿದಿದ್ದೇನೆ. ಆ ಲೆಕ್ಕದಲ್ಲಿ ಬರೆಯುತ್ತಿದ್ದೇನೆ.

ಇದರ ಹೆಸರು 'ವೋಆ ವೆರ್ತ್', ಅಂದರೆ ಹಸಿರು ದಾರಿ. ರೈಲು ನಿಂತುಹೋದ ಹಳಿಯ ಜಾಗದಲ್ಲಿ ಡಾಂಬರು ಹಾಕಿ, ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಟ್ಟ ದಾರಿ. ಫ್ರಾನ್ಸಿನಲ್ಲಿ ಇಂಥ ಮೊದಲ ದಾರಿ ತೆರೆದದ್ದು ಇಲ್ಲೇ, 1997ರಲ್ಲಿ, ಜಿವ್ರಿಯಿಂದ ಕ್ಲೂನಿವರೆಗೆ 44 ಕಿ.ಮೀ. ಈಗ ಉತ್ತರದಲ್ಲಿ ಶಾಲೋನ್ ಊರಿನಿಂದ ದಕ್ಷಿಣದಲ್ಲಿ ಮಾಕೋನ್ ಪಕ್ಕದ ಶಾರ್ನೆವರೆಗೆ 70 ಕಿ.ಮೀ.ಗಿಂತ ಜಾಸ್ತಿ ಇದೆ. ನಾನು ಲಿಯೋನ್‌ನಲ್ಲಿರುವವಳು. ಬೆಳಿಗ್ಗೆ ಲೋಕಲ್ ರೈಲಿಗೆ ಸೈಕಲ್ ಹತ್ತಿಸಿದರೆ ಒಂದು ಗಂಟೆಯೊಳಗೆ ಮಾಕೋನ್.

ಹಳೆ ರೈಲು ದಾರಿ ಅನ್ನುವುದರಲ್ಲೇ ಇದರ ಗುಟ್ಟು ಇದೆ. ರೈಲಿಗೆ ಕಡಿದಾದ ಏರು ಆಗುವುದಿಲ್ಲ. ಹಾಗಾಗಿ ಸುತ್ತ ಗುಡ್ಡಗಳಿದ್ದರೂ ದಾರಿ ಮಾತ್ರ ಸಮ. ಎಲ್ಲೋ ಸ್ವಲ್ಪ ಏರುತ್ತದೆ, ಆದರೆ ಕಾಲಿಗೆ ಗೊತ್ತಾಗುವ ಹೊತ್ತಿಗೆ ಮುಗಿದಿರುತ್ತದೆ. ಹಳೆ ಸ್ಟೇಷನ್ ಕಟ್ಟಡಗಳು ಹಾಗೇ ಉಳಿದಿವೆ. ಸುಮಾರು ಕಡೆ ಬೆಂಚು, ನಲ್ಲಿ, ಶೌಚಾಲಯ ಸಿಗುತ್ತವೆ. ರಸ್ತೆ ಅಡ್ಡ ಬರುವ ಕಡೆಯೆಲ್ಲ ಕಂಬ ನೆಟ್ಟು ಕಾರು ಒಳಗೆ ಬಾರದಂತೆ ಮಾಡಿದ್ದಾರೆ. ಅಲ್ಲಿ ನೀವೇ ನಿಂತು ಎರಡೂ ಕಡೆ ನೋಡಿ ದಾಟಬೇಕು. ವೇಗವಾಗಿ ಹೋಗುವವರಿಗೆ ಇದು ಕಿರಿಕಿರಿ. ನನಗೆ ಒಂದು ದಿನವೂ ಹಾಗೆ ಅನ್ನಿಸಿಲ್ಲ.

ಮೊದಲ ಸಲ ಹೋದಾಗ ಅರ್ಧ ಗಂಟೆ ನನ್ನ ಕಿವಿ ಹಿಂದೆಯೇ ಇತ್ತು. ಹಾರ್ನ್ ಬರುತ್ತದೆ, ಲಾರಿ ಬರುತ್ತದೆ ಅಂತ ಕಾಯುತ್ತಿದ್ದೆ. ಬರಲಿಲ್ಲ. ಬಂದದ್ದು ಹಿಂದಿನಿಂದ ಒಬ್ಬ ಅಜ್ಜಿ, ಬುಟ್ಟಿಯಲ್ಲಿ ಉದ್ದನೆಯ ಬ್ರೆಡ್ ಇಟ್ಟುಕೊಂಡು, ಸಣ್ಣಗೆ ಬೆಲ್ ಮಾಡಿ 'ಬೋಂಜೂರ್' ಅಂದು ಮುಂದೆ ಹೋದರು. ಆಮೇಲೆ ಭುಜ ತಾನಾಗಿಯೇ ಸಡಿಲಾಯಿತು. ಈ ದಾರಿ ನನಗೆ ಕೊಟ್ಟದ್ದು ಅದು. ದ್ರಾಕ್ಷಿ ತೋಟ, ಕೋಟೆ ಎಲ್ಲ ಆಮೇಲಿನ ಮಾತು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಪೂರ್ತಿ ದಾರಿ ದ್ರಾಕ್ಷಿ ತೋಟದ ನಡುವೆಯೇ ಹೋಗುತ್ತದೆ ಅಂದುಕೊಂಡು ಬಂದರೆ ಬೇಜಾರಾಗುತ್ತದೆ. ಮಾಕೋನ್ ಬಿಟ್ಟಮೇಲೆ ಶಾರ್ಡೊನೆ ಅನ್ನುವ ಬಿಳಿ ವೈನ್ ದ್ರಾಕ್ಷಿಯ ತೋಟಗಳು ಸಿಗುತ್ತವೆ, ಪಕ್ಕದ ಗುಡ್ಡದ ಮೇಲೆ ಬೆರ್ಜೆ ಕೋಟೆ ಕಾಣುತ್ತದೆ. ಕ್ಲೂನಿಯಿಂದ ಮುಂದೆ ತುಂಬಾ ದೂರ ಹುಲ್ಲುಗಾವಲು, ಕಾಡು, ಬೇಲಿಯಾಚೆ ಬೆಳ್ಳಗಿನ ಶಾರೊಲೆ ಹಸುಗಳು. ಕೆಲವು ಕಡೆ ನೇರ, ಉದ್ದ, ಒಂದೇ ಥರ. ನಿಜವಾದ ದ್ರಾಕ್ಷಿ ಸೀಮೆ ಮತ್ತೆ ಶುರುವಾಗುವುದು ಸ್ಯಾಂ ಜಾಂಗು ದಾಟಿದ ಮೇಲೆ. ಅಲ್ಲಿಂದ ಬುಸ್ಸಿ, ಜಿವ್ರಿವರೆಗೆ ಇಳಿಜಾರಿನ ತುಂಬಾ ಬಳ್ಳಿ ಸಾಲು. ಬುಸ್ಸಿಯ ಹೆಸರನ್ನು ಬರೆಯುವಾಗ ನಡುವೆ 'ಎಕ್ಸ್' ಇದೆ, ಹೇಳುವಾಗ ಇಲ್ಲ. ಬುಸ್ಸಿ ಸುತ್ತಮುತ್ತ ಮೋಂತಾನ್ಯಿ ಅನ್ನುವ ಬಿಳಿ ವೈನ್, ಜಿವ್ರಿಯಲ್ಲಿ ಹೆಚ್ಚಾಗಿ ಪಿನೋ ನುವಾರ್ ದ್ರಾಕ್ಷಿಯ ಕೆಂಪು ವೈನ್. ಒಂದೇ ದಿನ ಸಮಯ ಇದ್ದರೆ ಈ ತುಂಡನ್ನೇ ಆರಿಸಿಕೊಳ್ಳಿ.

ಕ್ಲೂನಿಯಲ್ಲಿ ಒಂದು ರಾತ್ರಿ ಉಳಿಯಿರಿ. 910ರಲ್ಲಿ ಶುರುವಾದ ಮಠ ಅದು. ರೋಮಿನ ಈಗಿನ ಸೇಂಟ್ ಪೀಟರ್ಸ್ ಕಟ್ಟುವವರೆಗೂ ಕ್ರೈಸ್ತರ ಅತಿ ದೊಡ್ಡ ಚರ್ಚು ಇಲ್ಲೇ ಇತ್ತು. ಫ್ರೆಂಚ್ ಕ್ರಾಂತಿಯ ನಂತರ ಕಲ್ಲಿಗಾಗಿ ಒಡೆದು ಮಾರಿಬಿಟ್ಟರು. ಉಳಿದ ಒಂದು ತುಂಡು ನೋಡಿದರೇ ತಲೆ ಎತ್ತಿ ನಿಲ್ಲಬೇಕು, ಅಷ್ಟು ಎತ್ತರ.

ಕ್ಲೂನಿಗೂ ಮಾಕೋನಿಗೂ ನಡುವೆ ಬುವಾ ಕ್ಲೇರ್ ಸುರಂಗ ಇದೆ. 1.6 ಕಿ.ಮೀ. ಉದ್ದ. ಒಳಗೆ ದೀಪ ಇದ್ದರೂ ಸೈಕಲ್‌ಗೆ ಲೈಟ್ ಹಾಕಿಕೊಳ್ಳಿ. ಹೊರಗೆ ಜುಲೈ ಬಿಸಿಲು ಸುಡುತ್ತಿದ್ದರೂ ಒಳಗೆ ಫ್ರಿಜ್ ಬಾಗಿಲು ತೆಗೆದ ಹಾಗೆ ತಣ್ಣನೆ ಗಾಳಿ ಮುಖಕ್ಕೆ ಬಡಿಯುತ್ತದೆ. ಬೆವರಿದ ಮೈಯಲ್ಲಿ ಹಾಗೇ ನುಗ್ಗಬೇಡಿ, ಜಾಕೆಟ್ ಹಾಕಿಕೊಳ್ಳಿ. ಚಳಿಗಾಲದಲ್ಲಿ ಬಾವಲಿಗಳು ಒಳಗೆ ಮಲಗುತ್ತವೆ ಅಂತ ಸುರಂಗ ಮುಚ್ಚುತ್ತಾರೆ. ಆಗ ಗುಡ್ಡ ಹತ್ತಿ ಇಳಿಯಬೇಕು. ಈ ಇಡೀ ದಾರಿಯಲ್ಲಿ ಏದುಸಿರು ಬರುವುದು ಅಲ್ಲಿ ಮಾತ್ರ. ಬಾವಲಿಗಾಗಿ ಜನ ಸುತ್ತಿ ಹೋಗುತ್ತಾರೆ ಅನ್ನುವುದು ನನಗೆ ತುಂಬಾ ಇಷ್ಟವಾದ ವಿಷಯ.

ಈಗ ಅಮ್ಮನ ಮಾತು. ನಮ್ಮದು ಚಿಕ್ಕಬಳ್ಳಾಪುರದ ಕಡೆ. ಅಪ್ಪ ಇರುವವರೆಗೂ ಎರಡು ಎಕರೆ ಬೆಂಗಳೂರು ಬ್ಲೂ ದ್ರಾಕ್ಷಿ ಚಪ್ಪರ ಇತ್ತು. ಅಮ್ಮ ಹುಡುಗಿಯಾಗಿದ್ದಾಗ ಸೈಕಲ್ ಕಲಿತಿದ್ದರು, ಮದುವೆಯಾದ ಮೇಲೆ ಮುಟ್ಟಿರಲಿಲ್ಲ. 2023ರ ಮಾರ್ಚ್ ಕೊನೆಗೆ ಇಲ್ಲಿಗೆ ಬಂದಾಗ ಅವರಿಗೆ 63. ನನ್ನ ಗಂಡ ನಮ್ಮನ್ನು ಜಿವ್ರಿಯ ಹಳೆ ಸ್ಟೇಷನ್ ಹತ್ತಿರ ಇಳಿಸಿ, ಕಾರು ತೆಗೆದುಕೊಂಡು ಬುಸ್ಸಿಗೆ ಹೋಗಿ ಕಾದರು. ಹತ್ತು ಕಿ.ಮೀ. ಆಸುಪಾಸು. ಮೊದಲ ಐದು ನಿಮಿಷ ಅಮ್ಮ ಸೈಕಲ್ ತಳ್ಳಿಕೊಂಡೇ ನಡೆದರು. "ಗಾಡಿ ಬರಲ್ವೇನೇ?" ಅಂತ ಮೂರು ಸಲ ಕೇಳಿದರು. ಆಮೇಲೆ ಹತ್ತಿದರು.

ನಡುವೆ ಒಂದು ತೋಟದ ಅಂಚಿನಲ್ಲಿ ನಿಂತೆವು. ಹಿಂದಿನ ವಾರಗಳಲ್ಲಿ ಬಳ್ಳಿ ಸವರಿದ್ದರು. ಕತ್ತರಿಸಿದ ತುದಿಯಲ್ಲಿ ನೀರಿನ ಹನಿ ಕೂತಿತ್ತು. ಹನಿ ದಪ್ಪವಾಗಿ, ಬಿದ್ದು, ಮತ್ತೆ ಅದೇ ಜಾಗದಲ್ಲಿ ಇನ್ನೊಂದು ಹನಿ. ಬೇರು ಎಚ್ಚೆತ್ತು ನೀರು ಮೇಲೆ ತಳ್ಳುವಾಗ ಹೀಗಾಗುತ್ತದೆ. ಇಲ್ಲಿನವರು ಇದಕ್ಕೆ ಬಳ್ಳಿಯ ಕಣ್ಣೀರು ಅಂತಾರೆ. ಅಮ್ಮ ಬೆರಳ ತುದಿಗೆ ಒಂದು ಹನಿ ತೆಗೆದುಕೊಂಡು ನೋಡಿದರು. "ನಮ್ದೂ ಹಿಂಗೇ ಸುರಿಸ್ತಿತ್ತು ಕಣೇ, ನಿಮ್ಮಪ್ಪ ಕತ್ತರಿ ಹಾಕಿದ ಮಾರನೇ ದಿನ" ಅಂದರು. ಆಮೇಲೆ ಬಳ್ಳಿಯ ಎತ್ತರ ನೋಡಿ, "ಇಷ್ಟು ಕುಳ್ಳಗಿದ್ರೆ ಕೀಳೋವಾಗ ಬೆನ್ನು ಏನಾಗಬೇಕು?" ಅಂತ ಕೇಳಿದರು. ನಮ್ಮಲ್ಲಿ ಚಪ್ಪರದ ಕೆಳಗೆ ತಲೆ ಎತ್ತಿ ಕೀಳುತ್ತೇವೆ, ಕತ್ತು ನೋಯುತ್ತದೆ. ಇಲ್ಲಿ ಬಳ್ಳಿ ಸೊಂಟದೆತ್ತರ, ಗೊಂಚಲು ಮೊಣಕಾಲ ಹತ್ತಿರ. ನಮ್ಮ ಬೆಂಗಳೂರು ಬ್ಲೂ ವರ್ಷಕ್ಕೆ ಎರಡು ಬೆಳೆ ಕೊಡುತ್ತದೆ, ಇಲ್ಲಿ ಒಂದೇ. ಬುಸ್ಸಿ ಮುಟ್ಟುವವರೆಗೂ ಅಮ್ಮ ಅಪ್ಪನ ತೋಟದ ಮಾತೇ ಆಡಿದರು. ಹಿಂದೆ ಮುಂದೆ ಗಾಡಿ ಇದ್ದಿದ್ದರೆ ಅಕ್ಕಪಕ್ಕ ತುಳಿಯುತ್ತಾ ಅಷ್ಟು ಮಾತಾಡುವುದಕ್ಕೆ ಆಗುತ್ತಿತ್ತಾ?

ತೊಂದರೆಗಳೂ ಇವೆ. ಮೊದಲ ವರ್ಷ ನನ್ನದೇ ಸೈಕಲ್ ಇರಲಿಲ್ಲ, ಒಂದು ಅಂಗಡಿಯಲ್ಲಿ ಬಾಡಿಗೆಗೆ ತಗೊಂಡಿದ್ದೆ. ಟೈರ್ ಸವೆದಿತ್ತು, ನಾನು ನೋಡಿಕೊಳ್ಳಲಿಲ್ಲ. ಪಂಕ್ಚರ್ ಆದಾಗ ಚೀಲದಲ್ಲಿ ಟ್ಯೂಬೂ ಇಲ್ಲ, ಪಂಪೂ ಇಲ್ಲ. ಫೋನ್ ಮಾಡಿದರೆ ಮಧ್ಯಾಹ್ನದ ಊಟಕ್ಕೆ ಅಂಗಡಿ ಮುಚ್ಚಿದೆ. ಒಂದೂವರೆ ಗಂಟೆ ಸೈಕಲ್ ತಳ್ಳಿಕೊಂಡು ಬುಸ್ಸಿಗೆ ನಡೆದೆ. ಬಾಡಿಗೆಗೆ ತಗೊಳ್ಳುವವರು ಟೈರ್, ಬ್ರೇಕ್ ಎರಡನ್ನೂ ಅಲ್ಲೇ ನಿಂತು ನೋಡಿ. ಒಂದು ಟ್ಯೂಬ್ ಕೇಳಿ ಇಸ್ಕೊಳ್ಳಿ. ಇನ್ನು, ಕೆಲವು ಹಳೆಯ ತುಂಡುಗಳಲ್ಲಿ ಮರದ ಬೇರು ಡಾಂಬರನ್ನು ಎತ್ತಿದೆ. ಬುಸ್ಸಿ ಜಿವ್ರಿ ನಡುವೆ ನೆರಳು ಕಡಿಮೆ, ಜುಲೈ ಆಗಸ್ಟ್‌ನಲ್ಲಿ ಹನ್ನೊಂದು ಗಂಟೆಯೊಳಗೆ ಮುಗಿಸಿಬಿಡಿ.

ಸಸ್ಯಾಹಾರಿಗಳಿಗೆ ಊಟವೇ ದೊಡ್ಡ ಚಿಂತೆ. ಹಳ್ಳಿಗಳಲ್ಲಿ ಹನ್ನೆರಡಕ್ಕೆ ಅಂಗಡಿ ಮುಚ್ಚಿದರೆ ತೆರೆಯುವುದು ಎರಡೋ ಮೂರೋ ಗಂಟೆಗೆ. ಸೋಮವಾರ ಎಷ್ಟೋ ಬೇಕರಿಗಳಿಗೆ ರಜಾ. ನಾನು ಚಪಾತಿ, ಚಟ್ನಿಪುಡಿ ಕಟ್ಟಿಕೊಂಡೇ ಹೋಗುತ್ತೇನೆ. ಜೊತೆಗೆ ದಾರಿಯಲ್ಲಿ ಮಾಕೋನೆ ಅನ್ನುವ ಪುಟ್ಟ ಮೇಕೆ ಹಾಲಿನ ಚೀಸ್ ಸಿಗುತ್ತದೆ, ಚಟ್ನಿಪುಡಿ ಜೊತೆ ಚೆನ್ನಾಗಿರುತ್ತದೆ. ನೀರು ಖಾಲಿಯಾದರೆ ಊರಿನ ಸ್ಮಶಾನ ಹುಡುಕಿ. ಗೇಟಿನ ಹತ್ತಿರ ನಲ್ಲಿ ಇರುತ್ತದೆ. ಇಲ್ಲಿ ಸೈಕಲ್ಲಿನವರೆಲ್ಲ ಹಾಗೇ ಮಾಡುತ್ತಾರೆ. 'ನೋ ಪೊತಾಬ್ಲ್' ಅಂತ ಬರೆದಿದ್ದರೆ ಮಾತ್ರ ಕುಡಿಯಬೇಡಿ.

ನಾನು ವೈನ್ ಕುಡಿಯುವುದಿಲ್ಲ. ಕುಡಿಯುವವರಿಗೆ ಒಂದು ಮಾತು: ಕಾರಿಗಿರುವ ನಿಯಮವೇ ಸೈಕಲ್ಲಿಗೂ. ಒಂದು ಲೀಟರ್ ರಕ್ತಕ್ಕೆ 0.5 ಗ್ರಾಂ ಮದ್ಯಸಾರ ಮುಟ್ಟಿದರೆ 135 ಯೂರೋ ದಂಡ. ದಿನದ ಸವಾರಿ ಮುಗಿಸಿ ರುಚಿ ನೋಡಿ.

ಇನ್ನೂ ಉತ್ತರಕ್ಕೆ, ಬೋನ್‌ನಿಂದ ಸಾಂತನೆವರೆಗೆ 20 ಕಿ.ಮೀ. ಆಸುಪಾಸಿನ ಇನ್ನೊಂದು ದಾರಿ ಇದೆ. ಪೊಮಾರ್, ವೊಲ್ನೆ, ಮ್ಯೊರ್ಸೊ, ಪ್ಯುಲಿನ್ಯಿ ಊರುಗಳನ್ನು ಮುಟ್ಟಿಕೊಂಡು ಹೋಗುತ್ತದೆ. 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ತೋಟಗಳು ಇವು. ಇಲ್ಲಿ ಮಾತ್ರ ನೀವು ಪೂರ್ತಿ ಬಳ್ಳಿಗಳ ಒಳಗೇ ಇರುತ್ತೀರಿ. ಆದರೆ ಇದು ರೈಲು ದಾರಿಯಲ್ಲ, ತೋಟದವರ ದಾರಿ. ಏರಿಳಿತ ಇದೆ, ತಿರುವು ಇದೆ, ಟ್ರ್ಯಾಕ್ಟರ್ ಬರುತ್ತದೆ. ಆ ಟ್ರ್ಯಾಕ್ಟರೇ ನೋಡುವಂಥದ್ದು. ಸಾಲುಗಳ ನಡುವೆ ಒಂದು ಮೀಟರ್ ಅಷ್ಟೇ ಜಾಗ. ಹಾಗಾಗಿ ಎತ್ತರದ ಕಾಲುಗಳ ಮೇಲೆ ನಿಂತು, ಬಳ್ಳಿಸಾಲನ್ನು ಹೊಟ್ಟೆ ಕೆಳಗೆ ಬಿಟ್ಟುಕೊಂಡು ಹೋಗುತ್ತದೆ. ಅದು ಎದುರಾದರೆ ಇಳಿದು ಪಕ್ಕಕ್ಕೆ ನಿಲ್ಲಿ. ಅವರು ಕೆಲಸದಲ್ಲಿದ್ದಾರೆ, ನಾವು ಸುಮ್ನೆ ನೋಡಲು ಬಂದವರು.

ಮೇ ಜೂನ್ ತಿಂಗಳಲ್ಲಿ ಔಷಧಿ ಹೊಡೆಯುತ್ತಾರೆ. ಗಾಳಿ ನಿಮ್ಮ ಕಡೆ ಇದ್ದರೆ ದೂರದಲ್ಲೇ ಕಾಯಿರಿ. ಎಲೆ ಮೇಲೆ ನೀಲಿ ಕಲೆ ಕಂಡರೆ ಅದು ತಾಮ್ರದ್ದು. ನಮ್ಮ ಮಲೆನಾಡಿನಲ್ಲಿ ಅಡಿಕೆ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಇದೆಯಲ್ಲ, ಮೈಲುತುತ್ತು ಮತ್ತು ಸುಣ್ಣದ್ದು, ಅದು ಹುಟ್ಟಿದ್ದೇ ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ, 1880ರ ದಶಕದಲ್ಲಿ. ಆ ಬೋರ್ಡೋ ಊರಿನ ಪಕ್ಕದಲ್ಲೂ ಇಂಥ ದಾರಿ ಇದೆ. 1937ರ ಟೂರ್ ದ ಫ್ರಾನ್ಸ್ ಸೈಕಲ್ ರೇಸ್ ಗೆದ್ದ ರೊಜೆ ಲಪೆಬಿ ಅವರ ಹೆಸರಿಟ್ಟಿದ್ದಾರೆ. 50 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ, ಅದೂ ಹಳೆ ರೈಲು ದಾರಿಯೇ. ಒಂದು ಬೇಸಿಗೆಯಲ್ಲಿ ತುಳಿದೆ. ನೆರಳು ಅಲ್ಲಿ ಚೆನ್ನಾಗಿದೆ, ಆದರೆ ಮರಗಳ ಮರೆಯಲ್ಲಿ ತೋಟ ಕಾಣುವುದು ಕಡಿಮೆ. ಕೇಳಿದರೆ ನಾನು ಬರ್ಗಂಡಿಗೇ ಹೋಗಿ ಅಂತೀನಿ.

ಮೊದಲ ಸಲ ಬರುವವರು ಶಾಲೋನ್‌ನಿಂದ ದಕ್ಷಿಣಕ್ಕೆ ಹೊರಟು ಎರಡು ದಿನದಲ್ಲಿ ಮಾಕೋನ್ ಮುಟ್ಟಿ. ಮಕ್ಕಳಿದ್ದರೆ, ವಯಸ್ಸಾದವರಿದ್ದರೆ ಜಿವ್ರಿ ಬುಸ್ಸಿ ಸಾಕು. ಸೆಪ್ಟೆಂಬರ್ ಒಳ್ಳೆಯ ತಿಂಗಳು. ಕೊಯ್ಲಿನ ಹೊತ್ತು, ತೋಟದ ತುಂಬಾ ಜನ ಇರುತ್ತಾರೆ, ಊರೊಳಗೆ ಹೋದರೆ ಹಿಂಡಿದ ದ್ರಾಕ್ಷಿಯ ವಾಸನೆ.

ಈ ಸೆಪ್ಟೆಂಬರ್‌ಗೆ ಅಮ್ಮನಿಗೆ ಟಿಕೆಟ್ ಮಾಡಿಸಿದ್ದೇನೆ. ಈ ಸಲ ಕ್ಲೂನಿಯಿಂದ ಮಾಕೋನ್ ಕಡೆಗೆ ಹೋಗುವುದು ಅಂತ ಅವರೇ ಹೇಳಿದ್ದಾರೆ. ಸುರಂಗ ತೆರೆದಿರುತ್ತದೆ. ಸ್ವೆಟರ್ ಮರೆಯದೆ ತನ್ನಿ ಅಂತ ಹೇಳಿದ್ದೇನೆ.